ನೋಮ್ ಪಟ್ಟಣದ ಶ್ವಾನಸಂಘದವರು

ನಮ್ಮ ಮಾತಿನಲ್ಲಿ ‘ನಾಯಿಪಾಡು’ ಎಂಬುದೊಂದು ಶಬ್ದವುಂಟು. ಮನುಷ್ಯನಿಗೆ ಒದಗಬಹುದಾದ ಕಡುಕಷ್ಟವನ್ನೆಲ್ಲ ಆ ಒಂದೇ ಶಬ್ದದಲ್ಲಿ ಅಡಕಮಾಡಿ ಹೇಳಿಬಿಡುತ್ತೇವೆ. ನಮ್ಮ ಬೀದಿಗಳಲ್ಲಿ ಅಲೆಯುವ ನಾಯಿಗಳ ಬಾಳನ್ನು ಕಂಡವರು ಆ ಮಾತನ್ನು ತಪ್ಪೆಂದು ಹೇಳಲಾರರು. ಆದರೆ ಭೂಮಂಡಲದ ಉತ್ತರದ ಅಂಚಿನಲ್ಲಿರುವ ಒಂದು ಸಣ್ಣ ಊರಿನಲ್ಲಿ, ನಾಯಿಗಳ ಪಾಡನ್ನು ಉತ್ತಮಪಡಿಸಬೇಕೆಂದು ಜನರು ಒಂದುಗೂಡಿ ಒಂದು ಸಂಘವನ್ನು ಕಟ್ಟಿದರು. ಆ ಸಂಘವು ಹುಟ್ಟಿ ಶತಮಾನವು ಕಳೆದಿದೆ. ಇಂದಿಗೂ ಅದು ಉಳಿದುಕೊಂಡಿದೆ. ಅದನ್ನು ನಡೆಸಿದವರ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಭೂಪಟವನ್ನು ತರಿಸಿಕೊಂಡು ನೋಡಬೇಕು. ಉತ್ತರ ಅಮೆರಿಕಾ ಖಂಡದ ವಾಯವ್ಯದ ಮೂಲೆಯಲ್ಲಿ ಅಲಾಸ್ಕಾ ಎಂಬ ವಿಶಾಲವಾದ ಪ್ರಾಂತವಿದೆ. ಇದು ೧೮೬೭ರ ವರೆಗೆ ರಷ್ಯಾ ದೇಶದ ಚಕ್ರವರ್ತಿಯದಾಗಿದ್ದು, ಆ ವರ್ಷ ಅಮೆರಿಕಾದವರಿಗೆ ಕ್ರಯವಾಯಿತು. ಅದರ ಪಶ್ಚಿಮದ ತುದಿಯಲ್ಲಿ ಸೀವರ್ಡ್ ಎಂಬ ಪರ್ಯಾಯದ್ವೀಪವು ಏಷ್ಯಾ ಖಂಡದ ಕಡೆಗೆ ಕೈಚಾಚಿದಂತೆ ಮುಂದೆ ಬಂದಿದೆ. ಅದರ ದಕ್ಷಿಣದ ಕರಾವಳಿಯಲ್ಲಿ, ಬೇರಿಂಗ್ ಸಮುದ್ರದ ದಡದ ಮೇಲೆ, ಒಂದು ಚುಕ್ಕೆಯಷ್ಟು ಕಾಣುವ ಊರೇ ನೋಮ್. ಸುತ್ತಲೂ ಮರವೆಂಬುದು ಕಣ್ಣಿಗೆ ಬೀಳುವುದು ಅಪರೂಪ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟಿ, ತಿಂಗಳುಗಟ್ಟಲೆ ಹಡಗುಗಳು ಬಳಿಗೆ ಬಾರವು. ಅಲಾಸ್ಕಾದ ದೊಡ್ಡ ಪಟ್ಟಣಗಳಿಂದ ಈ ಊರಿಗೆ ಈ ಹೊತ್ತಿಗೂ ಗಾಡಿಯ ರಸ್ತೆಯಿಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೆ ಬೇಸಗೆಯಲ್ಲಿ ಹಡಗನ್ನೇರಬೇಕು.

ಇಂತಹ ಸ್ಥಳಕ್ಕೆ ಜನರು ಏತಕ್ಕೆ ಹೋದರೆಂದರೆ, ಮನುಷ್ಯನು ಎಲ್ಲಿಗೂ ಹೋಗಲು ಸಿದ್ಧನಾಗುವ ಕಾರಣಕ್ಕಾಗಿಯೇ: ೧೮೯೮ರಲ್ಲಿ ಅಲ್ಲಿಯ ಒಂದು ಹಳ್ಳದಲ್ಲಿ ಚಿನ್ನ ಸಿಕ್ಕಿತು. ಮರುವರ್ಷ ಸಮುದ್ರದ ದಡದ ಮರಳಿನಲ್ಲಿಯೇ ಚಿನ್ನವುಂಟೆಂದು ತಿಳಿಯಿತು. ೧೯೦೦ರ ಬೇಸಗೆಯ ಹೊತ್ತಿಗೆ ಸುಮಾರು ೨೦,೦೦೦ ಮಂದಿ ಅಲ್ಲಿ ಬಂದು ಗುಡಾರ ಹಾಕಿದ್ದರು. ಚಿನ್ನವು ತೆಳುವಾದಂತೆ ಜನವೂ ತೆಳುವಾಯಿತು. ಈಗ ಅಲ್ಲಿ ನಾಲ್ಕು ಸಾವಿರಕ್ಕೂ ಕಡಮೆ ಜನರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ನಾಡಿನ ಮೂಲನಿವಾಸಿಗಳು.

ಚಳಿಗಾಲದಲ್ಲಿ ಅಲ್ಲಿ ಟಪ್ಪಾಲು, ಧಾನ್ಯ, ರೋಗಿ, ವೈದ್ಯ, ಚಿನ್ನ, ಎಲ್ಲವೂ ಸಾಗಬೇಕಾದದ್ದು ನಾಯಿಗಳು ಎಳೆಯುವ ಜಾರುಬಂಡಿಯ ಮೇಲೆ. ಚಕ್ರಗಳಿಗೆ ಬದಲಾಗಿ ಮರದ ಎರಡು ಉದ್ದನೆಯ ಪಟ್ಟಿಗಳಿರುವ ಹಗುರವಾದ ಬಂಡಿ ಅದು. ನಡುವೆ ಒಂದು ಉದ್ದನೆಯ ಹಗ್ಗ. ಅದರ ಎರಡು ಪಕ್ಕದಲ್ಲಿ ಜೋಡಿಜೋಡಿಯಾಗಿ ನಾಯಿಗಳು. ಎಲ್ಲಕ್ಕೂ ಮುಂದೆ ಒಂದು ಮುಂದಾಳು ನಾಯಿ. ನಮ್ಮ ಎತ್ತಿಗೆ ಮೂಗುದಾರವುಂಟು, ಕುದುರೆಗೆ ಕಡಿವಾಣವುಂಟು. ಈ ನಾಯಿಗಳಿಗೆ ಎರಡೂ ಇಲ್ಲ. ಹಿಂದೆ ನಿಂತವನು ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ ಮುಂದಾಳು ತಿರುಗುತ್ತದೆ. ಉಳಿದವು ಅದನ್ನು ಹಿಂಬಾಲಿಸುತ್ತವೆ. ಹಿಮದ ಬಿರುಗಾಳಿಯಲ್ಲಿ ತನ್ನ ಕೈಯೇ ತನಗೆ ಕಾಣದ ಹೊತ್ತಿನಲ್ಲಿ, ದಾರಿಯನ್ನು ಹುಡುಕುವ ಭಾರವೂ ಆ ನಾಯಿಯ ಮೂಗಿನದೇ. ಬಂಡಿ ನಡೆಸುವವನನ್ನು ಅಲ್ಲಿ ‘ಮಷರ್’ ಎಂದು ಕರೆಯುತ್ತಾರೆ. ನಡೆ ಎಂಬರ್ಥದ ಫ್ರೆಂಚ್ ಮಾತೊಂದು ಜನರ ಬಾಯಲ್ಲಿ ಸವೆದು ಈ ರೂಪವನ್ನು ತಾಳಿತು. ಈ ವಿದ್ಯೆಯಾದರೋ ಹೊರಗಿನಿಂದ ಬಂದವರದಲ್ಲ; ಆ ನೆಲದ ಇನೂಪಿಯಾಟ್ ಮೊದಲಾದ ಜನರು ಎಷ್ಟೋ ತಲೆಮಾರುಗಳಿಂದ ಬಲ್ಲದ್ದು. ಚಿನ್ನದಾಸೆಯಿಂದ ಬಂದವರಿಗೆ ಅಷ್ಟು ವ್ಯವಧಾನವೆಲ್ಲಿಯದು? ದಕ್ಷಿಣದ ಊರುಗಳಲ್ಲಿ ಕೈಗೆ ಸಿಕ್ಕಿದ ದೊಡ್ಡ ನಾಯಿಯನ್ನೆಲ್ಲ ಹಡಗಿನಲ್ಲಿ ತುಂಬಿಕೊಂಡು ಬಂದು, ಹೊರಲಾಗದ ಭಾರವನ್ನು ಹೊರಿಸಿ, ಎಳೆಯದಿದ್ದರೆ ಚಾವಟಿಯಿಂದ ಹೊಡೆದವರು ಬಹುಮಂದಿ ಇದ್ದರು.

ಈ ಸ್ಥಿತಿಯಲ್ಲಿ ೧೯೦೭ರಲ್ಲಿ ‘ನೋಮ್ ಕೆನೆಲ್ ಕ್ಲಬ್’ ಎಂಬ ಶ್ವಾನಸಂಘವು ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಆಲ್ಬರ್ಟ್ ಫಿಂಕ್ ಎಂಬ ವಕೀಲರು. ನಾಯಿಗಳ ತಳಿಯೂ ಆರೈಕೆಯೂ ಉತ್ತಮವಾಗಬೇಕಾದರೆ ಬರಿಯ ಉಪದೇಶದಿಂದ ಆಗದು, ಒಂದು ಪಂದ್ಯ ಬೇಕೆಂದು ಸಂಘದವರು ಕಂಡುಕೊಂಡರು. ನೋಮಿನಿಂದ ಹೊರಟು, ಪರ್ಯಾಯದ್ವೀಪವನ್ನು ದಾಟಿ, ಉತ್ತರದ ಕ್ಯಾಂಡಲ್ ಎಂಬ ಗಣಿಯ ಊರನ್ನು ಮುಟ್ಟಿ, ಅದೇ ದಾರಿಯಲ್ಲಿ ಹಿಂದಿರುಗುವುದು: ಒಟ್ಟು ೪೦೮ ಮೈಲಿ. ಸಮುದ್ರದ ಮೇಲಣ ಮಂಜುಗಡ್ಡೆ, ಬಯಲು, ಬೆಟ್ಟ, ನದಿ, ಎಲ್ಲ ಬಗೆಯ ದಾರಿಯೂ ಅದರಲ್ಲಿತ್ತು. ದಾರಿಯುದ್ದಕ್ಕೂ ಟೆಲಿಫೋನಿನ ತಂತಿಯಿದ್ದುದರಿಂದ ಯಾವ ಬಂಡಿ ಯಾವ ಛತ್ರವನ್ನು ದಾಟಿತೆಂಬ ಸುದ್ದಿ ಊರಿಗೆ ಮುಟ್ಟುತ್ತಿತ್ತು.

ವಕೀಲರು ಮುಖ್ಯಸ್ಥರಾದ ಸಂಘವಾದುದರಿಂದ ನಿಯಮಗಳಿಗೆ ಕೊರತೆಯಿರಲಿಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಬೇಕಾಗಿದೆ. ಎಷ್ಟು ನಾಯಿಗಳನ್ನು ಬೇಕಾದರೂ ಕಟ್ಟಬಹುದು. ಆದರೆ ಹೊರಡುವಾಗ ಸಂಘದವರು ಗುರುತುಹಾಕಿ ಬರೆದುಕೊಂಡ ನಾಯಿಗಳೆಲ್ಲವನ್ನೂ, ಒಂದನ್ನೂ ಬಿಡದೆ, ಮರಳಿ ತರಬೇಕು. ಕುಂಟಿದರೆ, ಬಿದ್ದರೆ, ಸತ್ತರೂ ಸಹ, ಬಂಡಿಯ ಮೇಲೆ ಮಲಗಿಸಿಕೊಂಡು ಬರಬೇಕು. ದಾರಿಯಲ್ಲಿ ಬಿಟ್ಟುಬಂದವನಿಗೆ ಬಹುಮಾನವಿಲ್ಲ. ಮೊದಲ ನೋಟಕ್ಕೆ ಇದು ದಯೆಯ ಮಾತೆಂದು ತೋರುತ್ತದೆ. ವಾಸ್ತವವಾಗಿ ಇದು ಬಹು ಜಾಣತನದ ಮಾತು. ಒಂದು ನಾಯಿ ಕುಸಿದರೆ ಅದರ ಎಳೆತವೂ ಹೋಯಿತು, ಅದರ ತೂಕವೂ ಬಂಡಿಗೆ ಸೇರಿತು. ಆದುದರಿಂದ ಚಾವಟಿಯನ್ನು ನಂಬಿದವನು ಸೋಲುವನು, ನಾಯಿಯ ಉಗುರಿನಿಂದ ಹೊಟ್ಟೆಯವರೆಗೆ ಬಲ್ಲವನು ಗೆಲ್ಲುವನು. ದಯೆಯನ್ನು ಲಾಭಕ್ಕೆ ಗಂಟುಹಾಕಿದ ಇಂತಹ ನಿಯಮವನ್ನು ನಾನು ಬೇರೆ ಕಡೆ ಹೆಚ್ಚಾಗಿ ಕಂಡಿಲ್ಲ.

ಪಂದ್ಯವು ಮೊದಲು ನಡೆದದ್ದು ೧೯೦೮ರಲ್ಲಿ. ಜಾನ್ ಹೆಗ್ನೆಸ್ ಎಂಬಾತನು ೧೧೯ ಗಂಟೆಗಳಲ್ಲಿ ಹೋಗಿಬಂದು ಗೆದ್ದನು. ಆತನು ನಡೆಸಿದ್ದು ಅಧ್ಯಕ್ಷ ಫಿಂಕರ ನಾಯಿಗಳನ್ನೇ! ನಮ್ಮೂರಿನಲ್ಲಿ ಹೀಗಾಗಿದ್ದರೆ ಸಂಘದ ಮುಂದಿನ ಸಭೆ ಹೇಗೆ ನಡೆಯುತ್ತಿತ್ತೆಂದು ವಾಚಕರು ಊಹಿಸಿಕೊಳ್ಳಬಹುದು. ನೋಮಿನವರಾದರೋ ಮರುವರ್ಷ ಇನ್ನೂ ಹೆಚ್ಚಿನ ಉತ್ಸಾಹದಿಂದ ಸೇರಿದರು. ಪಂದ್ಯದ ದಿನಗಳಲ್ಲಿ ಊರೆಲ್ಲ ಮುಖ್ಯ ಬೀದಿಯಲ್ಲಿ ನೆರೆದು, ಟೆಲಿಫೋನಿನಲ್ಲಿ ಬಂದ ಸುದ್ದಿಯನ್ನು ಹಲಗೆಯ ಮೇಲೆ ಬರೆದುದನ್ನು ಓದುತ್ತ ರಾತ್ರಿಯೆಲ್ಲ ಎಚ್ಚತ್ತಿರುತ್ತಿತ್ತು. ಬಾಜಿಯೂ ಬಲವಾಗಿ ನಡೆಯುತ್ತಿತ್ತು. ಈ ಜೂಜಿನ ಅಂಶವು ನಮ್ಮ ಮನೆಗಳಲ್ಲಿ ಮೆಚ್ಚುಗೆಯಾಗಲಾರದು. ಆದರೆ ಜೂಜಿನಲ್ಲಿ ಸರ್ವಸ್ವವನ್ನೂ ಕಳೆದ ಧರ್ಮರಾಯನೇ ಅಲ್ಲವೇ, ಕೊನೆಗೆ ಹಿಮದ ದಾರಿಯಲ್ಲಿ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬಾರೆನೆಂದವನು? ಈ ಎರಡು ಗುಣಗಳೂ ಒಂದೇ ಊರಿನಲ್ಲಿ ಕೂಡಿದ್ದನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ.

ಆ ನಿಯಮದ ಅರ್ಥವನ್ನು ಚೆನ್ನಾಗಿ ತಿಳಿದವನು ಸ್ಕಾಟಿ ಅಲನ್. ಸ್ಕಾಟ್ಲೆಂಡಿನ ಡಂಡೀ ಎಂಬಲ್ಲಿ ೧೮೬೭ರಲ್ಲಿ ಹುಟ್ಟಿದ ಈತನು ಪ್ರಾಣಿಗಳನ್ನು ಪಳಗಿಸುವುದರಲ್ಲಿ ಮೊದಲಿನಿಂದಲೂ ಗಟ್ಟಿಗ. ನಾಯಿಗಳ ಪಾದಕ್ಕೆ ಮೆತ್ತನೆಯ ಬಟ್ಟೆಯ ಚೀಲಗಳನ್ನು ಕಟ್ಟುವುದು, ಹಿಮದ ಮೇಲಿನ ಬಿಸಿಲು ಕಣ್ಣನ್ನು ಕೆಡಿಸದಂತೆ ಪರದೆ ಕಟ್ಟುವುದು, ತಂಗಿದ ಕಡೆ ತಾನು ಉಣ್ಣುವ ಮೊದಲು ಅವುಗಳ ಕಾಲನ್ನು ತಿಕ್ಕಿ ಹೊಟ್ಟೆಗೆ ಹಾಕುವುದು, ಇದು ಅವನ ಪದ್ಧತಿ. ೧೯೦೯, ೧೯೧೧, ೧೯೧೨, ಹೀಗೆ ಮೂರು ಸಲ ಅವನು ಗೆದ್ದನು. ಅವನೊಡನೆ ನಾಯಿಗಳ ಪಾಲುದಾರಳಾಗಿದ್ದವಳು ಎಸ್ತರ್ ಬರ್ಡ್‌ಸಾಲ್ ಡಾರ್ಲಿಂಗ್ ಎಂಬ ಮಹಿಳೆ. ಗಂಡಸರೇ ಗಲಭೆಮಾಡುವ ಗಣಿಯ ಊರಿನಲ್ಲಿ ಆಕೆ ನಾಯಿಶಾಲೆಯನ್ನು ನಡೆಸಿದ್ದಲ್ಲದೆ, ತಮ್ಮ ಮುಂದಾಳು ನಾಯಿ ಬಾಲ್ಡಿಯ ಕಥೆಯನ್ನು ಪುಸ್ತಕವಾಗಿ ಬರೆದು ಪ್ರಕಟಿಸಿದಳು. ಅದರಿಂದಾಗಿ ನೋಮಿನ ನಾಯಿಗಳ ಹೆಸರು ಅಮೆರಿಕಾದ ಮಕ್ಕಳ ಬಾಯಿಗೆ ಬಂದಿತು. ೧೯೧೫ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನ ವೋಜ್ ಪರ್ವತಗಳ ಹಿಮದಲ್ಲಿ ಕುದುರೆ ಕತ್ತೆಗಳು ಸಾಗಲಾರದೆ ಸಿಪಾಯಿಗಳಿಗೆ ಸಾಮಗ್ರಿ ಮುಟ್ಟದಿದ್ದಾಗ, ಫ್ರೆಂಚ್ ಸರಕಾರದವರು ಅಲನ್ನನ ಸಹಾಯವನ್ನು ಕೇಳಿದರು. ಅವನು ೪೦೦ಕ್ಕೂ ಮಿಕ್ಕ ನಾಯಿಗಳನ್ನು ಕೂಡಿಸಿ ಸಮುದ್ರದಾಚೆಗೆ ಕೊಂಡೊಯ್ದನು. ಆ ನಾಯಿಗಳು ತಾವು ಹೊರಟದ್ದು ಪಂದ್ಯಕ್ಕಲ್ಲ, ಯುದ್ಧಕ್ಕೆ ಎಂಬುದನ್ನು ಅರಿಯವು. ಅಲ್ಲಿ ಎಲ್ಲವನ್ನೂ ಮರಳಿ ತರಬೇಕೆಂಬ ನಿಯಮವಿರಲಿಲ್ಲ.

ಈ ನಡುವೆ ೧೯೦೯ರಲ್ಲಿ ಗೂಸಾಕ್ ಎಂಬ ರಷ್ಯನ್ ವ್ಯಾಪಾರಿಯು ಸಮುದ್ರದಾಚೆಯ ಸೈಬೀರಿಯಾದಿಂದ ಸಣ್ಣ ಮೈಯ ನಾಯಿಗಳನ್ನು ಪಂದ್ಯಕ್ಕೆ ತಂದನು. ಅಲಾಸ್ಕಾದ ಭಾರಿ ನಾಯಿಗಳ ಮುಂದೆ ಅವು ಕುಳ್ಳಾಗಿ ಕಂಡುದರಿಂದ ಊರಿನವರು ‘ಸೈಬೀರಿಯದ ಇಲಿಗಳು’ ಎಂದು ನಕ್ಕರು. ಇಲಿಗಳು ಮೂರನೆಯ ಸ್ಥಾನದಲ್ಲಿ ಬಂದುವು, ನಗು ನಿಂತಿತು. ಮರುವರ್ಷ ಫಾಕ್ಸ್ ಮಾಲ್ ರ‍್ಯಾಮ್ಸೆ ಎಂಬ ಸ್ಕಾಟ್ಲೆಂಡಿನ ಶ್ರೀಮಂತ ತರುಣನು ಸೈಬೀರಿಯಾಕ್ಕೆ ಹೋಗಿ ಸುಮಾರು ೭೦ ನಾಯಿಗಳನ್ನು ಹಡಗಿನಲ್ಲಿ ತಂದು ಮೂರು ಬಂಡಿಗಳನ್ನು ಕಟ್ಟಿದನು. ಅವು ಒಂದನೆಯ, ಎರಡನೆಯ, ನಾಲ್ಕನೆಯ ಸ್ಥಾನಗಳನ್ನು ಪಡೆದುವು. ಮೊದಲು ಬಂದ ಜಾನ್ ಜಾನ್ಸನ್ನನು ೭೪ ಗಂಟೆ ೧೪ ನಿಮಿಷಗಳಲ್ಲಿ ೪೦೮ ಮೈಲಿಯನ್ನು ಮುಗಿಸಿದನು. ಜನರು ಅವನನ್ನು ‘ಕಬ್ಬಿಣದ ಮನುಷ್ಯ’ ಎಂದು ಕರೆದರು. ಈ ನಾಯಿಗಳನ್ನು ತಲೆಮಾರುಗಳಿಂದ ಸಾಕಿ ಬೆಳೆಸಿದವರು ಸೈಬೀರಿಯಾದ ಚುಕ್ಚಿ ಎಂಬ ಜನ. ಇಂದು ನಮ್ಮ ಬೆಂಗಳೂರಿನ ಬಿಸಿಲಿನಲ್ಲಿಯೂ ಕೆಲವರು ಹಗ್ಗ ಹಿಡಿದು ಕರೆದೊಯ್ಯುವ ನೀಲಿ ಕಣ್ಣಿನ ‘ಹಸ್ಕಿ’ ಜಾತಿಯ ಮೂಲ ಇದೇ. ಅದರ ಮೈಮೇಲಿನ ದಟ್ಟವಾದ ತುಪ್ಪಟ ಏತಕ್ಕಿದೆಯೆಂಬುದನ್ನು ಅವರು ಆಲೋಚಿಸಿದರೆ ಒಳ್ಳೆಯದು.

ಸೈಬೀರಿಯದ ನಾಯಿಗಳೊಡನೆ ಸೇರಿಹೋದ ಹೆಸರು ಲಿಯೋನಾರ್ಡ್ ಸೆಪ್ಪಾಲಾ. ನಾರ್ವೆ ದೇಶದಲ್ಲಿ ೧೮೭೭ರಲ್ಲಿ ಹುಟ್ಟಿ, ೧೯೦೦ರಲ್ಲಿ ನೋಮಿಗೆ ಬಂದು ಗಣಿಯಲ್ಲಿ ಕೆಲಸಕ್ಕೆ ಸೇರಿದ, ಕುಳ್ಳನೆಯ ಆಳು. ಧ್ರುವಯಾತ್ರಿಕ ಅಮುಂಡ್ಸೆನ್ನನಿಗಾಗಿ ತರಿಸಿದ್ದ ಎಳೆಯ ನಾಯಿಗಳು, ಆತನ ಯಾತ್ರೆ ನಿಂತುಹೋದುದರಿಂದ, ಇವನ ಪಾಲಿಗೆ ಬಂದುವು. ೧೯೧೪ರ ಪಂದ್ಯಕ್ಕೆ ಇವನೂ ಹೆಸರು ಕೊಟ್ಟನು. ನಾಯಿಗಳೂ ಹೊಸಬು, ಇವನೂ ಹೊಸಬ. ಹಿಮದ ಬಿರುಗಾಳಿ ಎದ್ದು ದಾರಿ ತಪ್ಪಿ, ಸಮುದ್ರದ ಕಡೆಯ ಕಡಿದಾದ ಬಂಡೆಯ ಅಂಚಿಗೆ ಬಂಡಿ ಜಾರಿತು. ಹೇಗೋ ತಡೆದು ನಿಲ್ಲಿಸಿ, ನಾಯಿಗಳನ್ನು ಗಡುಸಾಗಿ ಒತ್ತಾಯಿಸಿ ಮೇಲಕ್ಕೆ ಹತ್ತಿಸಿಕೊಂಡನು. ಜೀವ ಉಳಿಯಿತು, ಆದರೆ ನಾಯಿಗಳ ಪಾದಗಳು ಹರಿದು ರಕ್ತ ಸೋರುತ್ತಿತ್ತು. ಅವನು ಪಂದ್ಯವನ್ನು ಬಿಟ್ಟು ಹಿಂದಿರುಗಿದನು. ಆಮೇಲೆ ಆ ನಾಯಿಗಳ ನಂಬಿಕೆಯನ್ನು ಮತ್ತೆ ಗಳಿಸಿಕೊಳ್ಳುವುದಕ್ಕೆ ತಿಂಗಳುಗಳೇ ಹಿಡಿದುವು. ಮುಂದಿನ ಚಳಿಗಾಲವೆಲ್ಲ ಊರವರ ಕಣ್ಣಿಗೆ ಹೆಚ್ಚು ಬೀಳದೆ ಸಾಧನೆಮಾಡಿದನು. ೧೯೧೫, ೧೯೧೬, ೧೯೧೭, ಮೂರು ವರ್ಷವೂ ಮೊದಲನೆಯವನಾದನು. ಅಷ್ಟರಲ್ಲಿ ಚಿನ್ನವೂ ಬತ್ತುತ್ತ ಬಂದು, ಯುದ್ಧವೂ ಸೇರಿಕೊಂಡುದರಿಂದ, ೧೯೧೭ಕ್ಕೆ ಪಂದ್ಯವೇ ನಿಂತುಹೋಯಿತು.

ಪಂದ್ಯ ನಿಂತರೂ ಆ ಹತ್ತು ವರ್ಷಗಳಲ್ಲಿ ಕಲಿತದ್ದು ನಿಲ್ಲಲಿಲ್ಲ. ೧೯೨೫ರ ಜನವರಿಯಲ್ಲಿ ನೋಮಿನ ಮಕ್ಕಳಿಗೆ ಗಂಟಲಮಾರಿ ಬಂದಿತು. ಡಿಫ್ತೀರಿಯಾ ಎಂದು ವೈದ್ಯರು ಕರೆಯುವ ಈ ರೋಗದಲ್ಲಿ ಗಂಟಲಿನಲ್ಲಿ ಪೊರೆ ಬೆಳೆದು ಮಗು ಉಸಿರುಕಟ್ಟಿ ಸಾಯುತ್ತದೆ. ಊರಿಗೆಲ್ಲ ಇದ್ದ ಒಬ್ಬನೇ ವೈದ್ಯ ಕರ್ಟಿಸ್ ವೆಲ್ಚ್. ಆತನ ಬಳಿಯಿದ್ದ ಔಷಧವು ಕಾಲಮೀರಿದ್ದು. ಸಮುದ್ರ ಹೆಪ್ಪುಗಟ್ಟಿತ್ತು, ಅಂದಿನ ವಿಮಾನಗಳು ಆ ಚಳಿಯಲ್ಲಿ ಹಾರುವುದು ನಂಬಲಾಗದ ಮಾತು. ಆಂಕರೇಜ್ ಪಟ್ಟಣದಲ್ಲಿ ಸಿಕ್ಕಿದ ೩,೦೦,೦೦೦ ಯೂನಿಟ್ ಸೀರಂ ಔಷಧವನ್ನು ರೈಲಿನಲ್ಲಿ ನೆನಾನಾ ಎಂಬಲ್ಲಿಗೆ ತಂದು, ಅಲ್ಲಿಂದ ೬೭೪ ಮೈಲಿಗಳನ್ನು ಸುಮಾರು ೨೦ ಮಂದಿ ಬಂಡಿಯವರು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ತಂದರು. ಜನವರಿ ೨೭ರ ರಾತ್ರಿ ಹೊರಟದ್ದು ಫೆಬ್ರುವರಿ ೨ರ ಬೆಳಗಿನ ಜಾವ ನೋಮಿಗೆ ಮುಟ್ಟಿತು. ದಾರಿಯಲ್ಲಿ ಚಳಿಯು ಶೂನ್ಯಕ್ಕೆ ೪೦ ಡಿಗ್ರಿಗೂ ಕೆಳಗೆ ಇಳಿದಿತ್ತು.

ಸೆಪ್ಪಾಲಾನ ಒಬ್ಬಳೇ ಮಗಳು ಸಿಗ್ರಿಡ್ ಆಗ ರೋಗ ಹರಡಿದ್ದ ಆ ಊರಿನಲ್ಲಿದ್ದಳು. ಅವನು ಟೋಗೋ ಎಂಬ ಹನ್ನೆರಡು ವರ್ಷದ ಮುದಿನಾಯಿಯನ್ನು ಮುಂದಾಳಾಗಿ ಕಟ್ಟಿಕೊಂಡು ಔಷಧದ ಎದುರಿಗೆ ಹೊರಟನು. ನಡುದಾರಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡು, ಬಿರುಗಾಳಿಯೆದ್ದ ರಾತ್ರಿಯಲ್ಲಿ ನಾರ್ಟನ್ ಕೊಲ್ಲಿಯ ಮಂಜುಗಡ್ಡೆಯ ಮೇಲೆಯೇ ದಾಟಿ ಬಂದನು. ಅವನು ಔಷಧದೊಡನೆ ಕ್ರಮಿಸಿದ್ದು ೯೧ ಮೈಲಿ, ಅದಕ್ಕಾಗಿ ಹೋದದ್ದನ್ನೂ ಸೇರಿಸಿದರೆ ೨೬೧ ಮೈಲಿ. ಬೇರೊಬ್ಬರಾರೂ ಅಷ್ಟು ದೂರ ನಡೆಯಿಸಲಿಲ್ಲ. ಕೊನೆಯಲ್ಲಿ ಗುನ್ನರ್ ಕಾಸೆನ್ ಎಂಬವನು ಟಾಪ್‌ಕಾಕ್ ಬೆಟ್ಟದ ಮೇಲೆ, ಹಿಂದೆ ಪಂದ್ಯದ ಬಂಡಿಗಳು ಓಡುತ್ತಿದ್ದ ಆ ದಾರಿಯಲ್ಲಿಯೇ ಬಂದು, ಬಾಲ್ಟೋ ಎಂಬ ನಾಯಿಯ ಹಿಂದೆ ಊರನ್ನು ಹೊಕ್ಕನು. ಪತ್ರಿಕೆಗಳಿಗೆ ಕೊನೆಗೆ ಬಂದ ನಾಯಿಯೇ ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಉದ್ಯಾನದಲ್ಲಿ ಬಾಲ್ಟೋವಿನ ಕಂಚಿನ ಪ್ರತಿಮೆ ಎದ್ದಿತು. ಟೋಗೋವಿಗೆ ಅದೇ ನಗರದಲ್ಲಿ ಪ್ರತಿಮೆಯಾದದ್ದು ೨೦೦೧ರಲ್ಲಿ.

ನಾಯಿಗಳಿಗಾದರೂ ಪ್ರತಿಮೆಯಾಯಿತು. ಆ ಬಂಡಿಯವರಲ್ಲಿ ಬಹುಭಾಗ ಆ ನೆಲದ ಮೂಲನಿವಾಸಿಗಳು. ಅವರ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. ಚಾರ್ಲಿ ಎವನ್ಸ್ ಎಂಬ ತರುಣನ ಎರಡು ಮುಂಗಡ ನಾಯಿಗಳು ಚಳಿಗೆ ಕುಸಿದುಬಿದ್ದಾಗ, ಅವನು ತಾನೇ ಹಗ್ಗಕ್ಕೆ ಹೆಗಲು ಕೊಟ್ಟು ಎಳೆದು ಊರು ಮುಟ್ಟಿದನು. ಎಡ್ಗರ್ ನೋಲ್ನರ್ ಎಂಬವನು ಆ ಬಂಡಿಯವರಲ್ಲಿ ಕೊನೆಗೆ ಉಳಿದಿದ್ದವನು, ೧೯೯೯ರಲ್ಲಿ ತೀರಿಕೊಂಡನು. ಮೂಲನಿವಾಸಿಗಳ ಬೀಡುಗಳಲ್ಲಿ ಆ ರೋಗದಿಂದ ಸತ್ತ ಮಕ್ಕಳೆಷ್ಟೆಂಬ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ. ಹೊರಟ ನಾಯಿಗಳನ್ನೆಲ್ಲ ಎಣಿಸಿ ಬರೆದಿಟ್ಟುಕೊಳ್ಳುತ್ತಿದ್ದ ಊರಿನಲ್ಲಿ ಇದು ನಡೆಯಿತೆಂಬುದು ನನ್ನ ಮನಸ್ಸಿಗೆ ಚುಚ್ಚುತ್ತದೆ.

ಅನಂತರ ವಿಮಾನ ಬಂದಿತು; ೧೯೬೦ರ ದಶಕದಲ್ಲಿ ಎಂಜಿನಿನಿಂದ ಓಡುವ ಹಿಮಗಾಡಿ ಬಂದು ಹಳ್ಳಿಗಳಲ್ಲಿ ನಾಯಿಗಳೇ ಕಾಣೆಯಾಗತೊಡಗಿದುವು. ಇದನ್ನು ಕಂಡು ಕಳವಳಪಟ್ಟ ಜೋ ರೆಡಿಂಗ್‌ಟನ್ ಎಂಬವರೇ ಮೊದಲಾದವರ ಪ್ರಯತ್ನದಿಂದ ೧೯೭೩ರಲ್ಲಿ ಆಂಕರೇಜಿನಿಂದ ನೋಮಿನವರೆಗೆ ಸುಮಾರು ೧,೦೦೦ ಮೈಲಿಗಳ ಇಡಿಟರಾಡ್ ಪಂದ್ಯ ಪ್ರಾರಂಭವಾಯಿತು. ಅಂದಿನಿಂದ ಬಹುತೇಕ ಪ್ರತಿವರ್ಷವೂ ಅದು ನೋಮಿನ ಮುಖ್ಯ ಬೀದಿಯಲ್ಲಿ ಮುಗಿಯುತ್ತ ಬಂದಿದೆ. ಹಳೆಯ ಶ್ವಾನಸಂಘದವರು ತಮ್ಮ ೪೦೮ ಮೈಲಿಯ ಪಂದ್ಯವನ್ನೂ ಮರೆಯಲಿಲ್ಲ. ೧೯೮೩ರಲ್ಲಿ ಒಮ್ಮೆ, ನೂರು ವರ್ಷ ತುಂಬಿದ ೨೦೦೮ರಲ್ಲಿ ಇನ್ನೊಮ್ಮೆ ಅದನ್ನು ನಡೆಸಿದರು. ೨೦೦೮ರಲ್ಲಿ ಬಹುಮಾನ ಒಂದೇ, ೧,೦೦,೦೦೦ ಡಾಲರು. ಎರಡನೆಯವನಿಗೆ ಏನೂ ಇಲ್ಲ. ಹೊರಟ ನಾಯಿಗಳೆಲ್ಲವನ್ನೂ ಮರಳಿ ತರಬೇಕೆಂಬ ಹಳೆಯ ನಿಯಮವನ್ನು ಹಾಗೆಯೇ ಇಟ್ಟಿದ್ದರು. ಮಿಚ್ ಸೀವಿ ಎಂಬವರು ೬೧ ಗಂಟೆ ೨೯ ನಿಮಿಷಗಳಲ್ಲಿ ಬಂದು, ‘ಕಬ್ಬಿಣದ ಮನುಷ್ಯ’ನ ೯೮ ವರ್ಷದ ದಾಖಲೆಯನ್ನು ಮುರಿದರು.

ಇಂತಹ ಸಂಘಗಳ ಇಂದಿನ ಮುಂದಾಳುಗಳಿಗೆ ಫಿಂಕ್, ಅಲನ್ನರ ಕಾಲದ ಪ್ರಸಿದ್ಧಿಯಿಲ್ಲ. ಬಹುಮಟ್ಟಿಗೆ ಹಗಲೆಲ್ಲ ಬೇರೆ ಉದ್ಯೋಗ ಮಾಡಿಕೊಂಡಿರುವ ಗೃಹಸ್ಥರೂ ಗೃಹಿಣಿಯರೂ ಅವರು. ದಾರಿಯುದ್ದಕ್ಕೂ ಗುರುತಿನ ಕಡ್ಡಿಗಳನ್ನು ನೆಡುವುದು, ಪಶುವೈದ್ಯರನ್ನು ಗೊತ್ತುಮಾಡುವುದು, ಗಂಟೆಯನ್ನು ಬರೆದುಕೊಳ್ಳುವುದು, ಬಹುಮಾನಕ್ಕೆ ಅಂಗಡಿಯಂಗಡಿಗೆ ಹೋಗಿ ಹಣ ಕೇಳುವುದು, ಇವೇ ಅವರ ಕೆಲಸ. ಒಂದು ಬಂಡಿಗೆ ಬೇಕಾದಷ್ಟು ನಾಯಿಗಳನ್ನು ಸಾಕುವವನಿಗೆ ವರ್ಷದ ಮುನ್ನೂರ ಅರವತ್ತೈದು ದಿನವೂ ಬಿಡುವಿಲ್ಲ. ಓಟವಿಲ್ಲದ ಬೇಸಗೆಯಲ್ಲಿಯೂ ಹೊಟ್ಟೆ ಕೇಳುತ್ತದೆ. ನಾಯಿಗಳನ್ನು ಇಷ್ಟು ದೂರ ಓಡಿಸುವುದೇ ಹಿಂಸೆಯೆಂದು ಆಕ್ಷೇಪಿಸುವವರೂ ಇದ್ದಾರೆ. ದೀರ್ಘ ಪಂದ್ಯಗಳಲ್ಲಿ ನಾಯಿಗಳು ಸತ್ತದ್ದುಂಟಾದುದರಿಂದ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಚಿಂತೆ ಹಿಮದ್ದು. ಹವೆ ಬೆಚ್ಚಗಾಗುತ್ತ ಬಂದು ಸಮುದ್ರವು ಹಿಂದಿನಷ್ಟು ಬೇಗ, ಹಿಂದಿನಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತಿಲ್ಲ. ಹಿಮವೂ ಮಂಜುಗಡ್ಡೆಯೂ ಸಾಲದೆ ೨೦೦೩, ೨೦೧೫, ೨೦೧೭, ೨೦೨೫ ಈ ನಾಲ್ಕು ವರ್ಷಗಳಲ್ಲಿ ಇಡಿಟರಾಡ್ ಪಂದ್ಯವನ್ನು ಉತ್ತರದ ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಹೊರಡಿಸಬೇಕಾಯಿತು. ಸೆಪ್ಪಾಲಾ ದಾಟಿದ ಕೊಲ್ಲಿಯ ಮೇಲೆ ಈಗ ಬಂಡಿ ಹೂಡುವವರು ಮೊದಲು ನೀರೆಲ್ಲಿದೆಯೆಂದು ವಿಚಾರಿಸಬೇಕು.

ಹಿಂದೆ ಆ ನಾಡಿನ ದಾರಿಗಳಲ್ಲಿ ಛತ್ರದವರಿಗೆ ಒಂದು ವಾಡಿಕೆಯಿತ್ತು. ಟಪ್ಪಾಲಿನವನೋ ಸಾಮಾನಿನವನೋ ಬಂಡಿ ಹೂಡಿ ಹೊರಟಿದ್ದಾನೆಂದು ಸುದ್ದಿ ಬಂದರೆ, ಛತ್ರದ ಹೊರಗೆ ಒಂದು ದೀಪವನ್ನು ಹಚ್ಚಿ ತೂಗುಹಾಕುವರು. ಅವನು ಬಂದು ತಲುಪುವವರೆಗೆ ಅದನ್ನು ಆರಿಸುತ್ತಿರಲಿಲ್ಲ. ಅದರ ನೆನಪಿಗಾಗಿ ಪಂದ್ಯ ಹೊರಟ ದಿನ ನೋಮಿನ ಮುಖ್ಯ ಬೀದಿಯಲ್ಲಿ, ಮರದ ಕಮಾನಿಗೆ, ಈಗಲೂ ಒಂದು ಲಾಟೀನನ್ನು ಹಚ್ಚಿಡುತ್ತಾರೆ. ಗೆದ್ದವನು ಬಂದು, ಜಯಘೋಷವಾಗಿ, ಜನರು ಚದುರಿದ ಮೇಲೂ ಅದು ಉರಿಯುತ್ತಿರುತ್ತದೆ. ಎಷ್ಟೋ ದಿನ ಹಿಂದೆ ಬಿದ್ದ ಕೊನೆಯ ಬಂಡಿಯವನು ತನ್ನ ನಾಯಿಗಳೊಡನೆ ಆ ಬೀದಿಗೆ ಬಂದು ನಿಂತಾಗ, ಅವನೇ ಆ ದೀಪವನ್ನು ಆರಿಸುತ್ತಾನೆ.